ಸಭಾಪಾಲಕರು ಕಂಡ ಅನುಭವ ಮಂಟಪ



ಕಳೆದ ಶ್ರಾವಣದಲ್ಲಿ ಹಲವಾಗಲಿನ ಸದ್ಭಕ್ತರ ಅಪೇಕ್ಷೆಯಂತೆ ಅಲ್ಲಿ ಕೆಲವು ದಿನ ಪ್ರವಚನ ನಡೆಸಿದ್ದೆವು. ಅನುಭವ ಮಂಟಪದ ಪ್ರಸ್ತಾಪ ಬಂದ ದಿನ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಹೆಸರನ್ನು ಗೌರವದಿಂದ ಸ್ಮರಿಸಿದೆವು. ಮಂಗಲವಾದ ಮೇಲೆ ವೃದ್ಧ ಭಕ್ತರೊಬ್ಬರು ಹತ್ತಿರ ಬಂದು, “ಬುದ್ಧೀ, ಪಾದ್ರಿಯವರಿಗೂ ನಮ್ಮ ಅನುಭವ ಮಂಟಪಕ್ಕೂ ಎಲ್ಲಿಯ ನಂಟು?” ಎಂದು ಕೇಳಿದರು. ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ನಿಜವಾದ ಕುತೂಹಲವಿತ್ತು. “ಅವರ ಹಿರಿಯರು ನಮ್ಮವರೇ ಆಗಿದ್ದರು” ಎಂದು ನಾವು ಉತ್ತರಿಸಿದೆವು. ಅವರು ಸಮಾಧಾನಗೊಂಡು ಹೋದರು. ನಮಗೆ ಮಾತ್ರ ಆ ರಾತ್ರಿ ಸಮಾಧಾನವಾಗಲಿಲ್ಲ.

ಉತ್ತರ ಸುಳ್ಳಾಗಿರಲಿಲ್ಲ. ಹಲವಾಗಲಿನ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯ ಕೆಳಪಾತ್ರದತ್ತ ಸಾಗಿದರೆ ಹೂವಿನಹಡಗಲಿಯ ಸೀಮೆ. ಉತ್ತಂಗಿ ಆ ತಾಲ್ಲೂಕಿನ ಗ್ರಾಮ. ಚನ್ನಪ್ಪನವರ ಮನೆತನದ ಹೆಸರು ಅಲ್ಲಿಯದು. ಲಿಂಗವಂತ ಮೂಲದ ಆ ಮನೆತನ ಕ್ರೈಸ್ತಧರ್ಮವನ್ನು ಸ್ವೀಕರಿಸಿತು. ಆ ಕಾಲದಲ್ಲಿ ಹೊಳೆಯ ಈಚೆಯ ದಡ ಮದರಾಸು ಆಧಿಪತ್ಯಕ್ಕೂ ಆಚೆಯ ದಡ ಮುಂಬಯಿ ಆಧಿಪತ್ಯಕ್ಕೂ ಸೇರಿದ್ದಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿನಲ್ಲಿಯೂ 1837ರಲ್ಲಿ ಧಾರವಾಡದಲ್ಲಿಯೂ ನೆಲೆಯೂರಿದರು. ಆ ಧಾರವಾಡದಲ್ಲಿ 1881ರ ಅಕ್ಟೋಬರ್ 28ರಂದು ಚನ್ನಪ್ಪನವರ ಜನನವಾಯಿತು. ಮಂಗಳೂರಿನಲ್ಲಿ ದೈವಜ್ಞಾನದ ಶಿಕ್ಷಣ ಪಡೆದು ಅವರು ಮಿಷನ್ನಿನ ಸೇವೆಗೆ ನಿಂತರು.

ಸೇವೆಗೆ ಸೇರಿದ ಕೆಲವೇ ವರ್ಷಗಳಲ್ಲಿ, 1914ರಲ್ಲಿ, ಮೊದಲನೆಯ ಮಹಾಯುದ್ಧ ಆರಂಭವಾಯಿತು. ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಸರಕಾರವು ಶತ್ರುದೇಶದವರೆಂದು ಬಂಧನದಲ್ಲಿರಿಸಿ, ಮುಂದೆ ಸ್ವದೇಶಕ್ಕೆ ಕಳುಹಿಸಿತು. ಊರೂರಿನ ಸಣ್ಣ ಸಣ್ಣ ಸಭೆಗಳ ಭಾರ ದೇಶೀಯ ಉಪದೇಶಕರ ಹೆಗಲಿಗೆ ಬಿದ್ದಿತು. ಯಾರ ಕೈಯಿಂದ ದೀಕ್ಷೆ ಪಡೆದರೋ ಆ ಗುರುಗಳೇ ಇಲ್ಲದಾದಾಗ ಧರ್ಮವನ್ನು ನೆಲದ ಭಾಷೆಯಲ್ಲಿ, ನೆಲದ ಬುದ್ಧಿಯಿಂದ ಅರಿಯುವುದೊಂದೇ ದಾರಿ. ಚನ್ನಪ್ಪನವರು 1921ರಲ್ಲಿ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಕೃತಿಯನ್ನು ಪ್ರಕಟಿಸಿದರು. ಆ ಹೆಸರನ್ನು ವಾಚಕರು ಒಂದಿಷ್ಟು ನಿಂತು ನೋಡಬೇಕು. ಪಾದ್ರಿಗಳ ಬರಹದಲ್ಲಿ ಅಲ್ಲಿಯವರೆಗೆ ಖಂಡನೆಯಿತ್ತು, ಆಹ್ವಾನವಿತ್ತು. ಇಲ್ಲಿರುವುದು ವಿನಂತಿ.

ಅದೇ ಕಾಲದಲ್ಲಿ ಅವರು ಹಳ್ಳಿಹಳ್ಳಿ ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸುತ್ತಿದ್ದರು. ಭಜನೆಯವರ ಬಾಯಿ, ಅಟ್ಟದ ಮೇಲಿನ ಓಲೆಗರಿ, ಮಠಗಳ ಕಟ್ಟು, ಎಲ್ಲಿ ಸಿಕ್ಕಿದರೆ ಅಲ್ಲಿ. ಸುಮಾರು ಎರಡು ಸಾವಿರ ವಚನಗಳ ಆ ಸಂಗ್ರಹ 1924ರಲ್ಲಿ ಬೆಳಕು ಕಂಡಿತು. ಅದಕ್ಕೆ ಒಂದೇ ವರ್ಷ ಹಿಂದೆ, 1923ರಲ್ಲಿ, ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗ ಹೊರಬಂದಿದ್ದಿತು. ಒಬ್ಬರು ವಕೀಲರು, ಒಬ್ಬರು ಪಾದ್ರಿಗಳು. ಮಠಾಧೀಶರಾದ ನಾವು ಆಗ ಏನು ಮಾಡುತ್ತಿದ್ದೆವೆಂದು ಕೇಳಿಕೊಂಡರೆ ಸಂಕೋಚವಾಗುತ್ತದೆ. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ನೆಂದು ಕರೆದುಕೊಂಡ ಆ ಮಹನೀಯರು ನಮ್ಮ ಬಾಗಿಲಿಗೆ ಬಂದು ಬೇಡಿದ್ದು ನಮ್ಮದೇ ಸೊತ್ತನ್ನು, ನಮಗೇ ಕೊಡುವುದಕ್ಕಾಗಿ.

ಇನ್ನು ಕಲಬುರ್ಗಿಯ ಮಾತು. ನಿಜಾಮನ ಆಳ್ವಿಕೆಯ ಕಡೆಯ ದಿನಗಳಲ್ಲಿ ರಜಾಕಾರರ ಹಾವಳಿಗೆ ಸಿಕ್ಕ ಜನ ಗಡಿ ದಾಟಿ ಬರುತ್ತಿದ್ದುದನ್ನು ಈ ಸೀಮೆಯ ಹಿರಿಯರು ಹೇಳುತ್ತಿದ್ದರು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರ ನಮ್ಮ ಹೊಳೆಯಾಚೆಯದೇ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. ಅದರ ಮುಂಚೆಯೂ ಆಮೇಲೂ ಮತದ ಹೆಸರಿನಲ್ಲಿ ಬಿದ್ದ ಹೆಣಗಳ ಲೆಕ್ಕ ಒಂದೇ ಮತಕ್ಕೆ ಸೇರಿದ್ದಲ್ಲ. ಮರುವರ್ಷ, 1949ರಲ್ಲಿ, ಗಾಯ ಇನ್ನೂ ಹಸಿಯಾಗಿರುವಾಗಲೇ ಕಲಬುರ್ಗಿಯಲ್ಲಿ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನೆರೆಯಿತು. ಅಧ್ಯಕ್ಷಪೀಠದಲ್ಲಿ ಕುಳಿತವರು ರೆವರೆಂಡ್ ಉತ್ತಂಗಿಯವರು. (ಎರಡು ವರ್ಷ ಹಿಂದೆ, 1947ರಲ್ಲಿ, ಅದೇ ಸಮ್ಮೇಳನ ನಮ್ಮ ಹರಪನಹಳ್ಳಿಯಲ್ಲಿ ಸಿ.ಕೆ. ವೆಂಕಟರಾಮಯ್ಯನವರ ಅಧ್ಯಕ್ಷತೆಯಲ್ಲಿ ನಡೆದಿತ್ತೆಂಬುದನ್ನು ಇಂದಿನ ತರುಣರು ಬಹುಶಃ ಅರಿಯರು.) ಹಿಂದೂ–ಮುಸಲ್ಮಾನರ ನಡುವೆ ಸಂಶಯ ತುಂಬಿದ್ದ ಊರಿನಲ್ಲಿ, ಎರಡೂ ಕಡೆಗೆ ಸೇರದ ಕ್ರೈಸ್ತರೊಬ್ಬರು ಕನ್ನಡದ ಪೀಠವನ್ನೇರಿದ್ದು ನಮಗೆ ಕೇವಲ ಆಕಸ್ಮಿಕವೆಂದು ತೋರುವುದಿಲ್ಲ.

ವೃದ್ಧ ಭಕ್ತರು ಕೇಳಿದ ನಂಟು ಬರುವುದು ಇದರ ತರುವಾಯ. ಅನುಭವ ಮಂಟಪವೆಂಬುದು ಐತಿಹಾಸಿಕ ಸಂಸ್ಥೆಯೋ, ಕವಿಕಲ್ಪನೆಯೋ ಎಂಬ ಸಂದೇಹ ವಿದ್ವಾಂಸರಲ್ಲಿ ಹುಟ್ಟಿತ್ತು. ಅಲ್ಲಮಪ್ರಭುಗಳು ಶೂನ್ಯಸಿಂಹಾಸನದಲ್ಲಿ ಮಂಡಿಸಿದ ಆ ಸಭೆಯ ವಿಸ್ತಾರವಾದ ಚಿತ್ರ ದೊರೆಯುವುದು ಹದಿನೈದನೆಯ ಶತಮಾನದಿಂದೀಚೆಗೆ ಸಂಕಲಿತವಾದ ‘ಶೂನ್ಯಸಂಪಾದನೆ’ಗಳಲ್ಲಿ. ಕಲ್ಯಾಣದ ಕ್ರಾಂತಿಯಾದದ್ದು ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ. ಬಸವಣ್ಣನವರನ್ನು ಹೆಸರಿಸುವ 1260ರ ಅರ್ಜುನವಾಡ ಶಾಸನದಲ್ಲಿಯೂ ಈ ಮಂಟಪದ ವರ್ಣನೆಯಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮವರಲ್ಲಿ ಬಹುಮಂದಿ ಅದನ್ನು ಧರ್ಮನಿಂದೆಯೆಂದು ತಿಳಿದು ಕೆರಳಿದರು. ಕೆರಳದೆ ಕುಳಿತು ಉತ್ತರ ಬರೆದವರಲ್ಲಿ ಸಭಾಪಾಲಕರಾದ ಉತ್ತಂಗಿಯವರು ಮುಖ್ಯರು. ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಅವರು ‘ಅನುಭವ ಮಂಟಪದ ಐತಿಹಾಸಿಕತೆ’ಯನ್ನು ರಚಿಸಿ, ಶರಣರ ವಚನಗಳನ್ನೇ ಸಾಕ್ಷಿಗೆ ಕರೆದರು. ಪುರಾಣವನ್ನು ಪುರಾಣವೆಂದೂ ವಚನವನ್ನು ದಾಖಲೆಯೆಂದೂ ಬೇರ್ಪಡಿಸಿ ನೋಡುವ ಆ ಕ್ರಮ ನಮಗೆ ವಿಶ್ವವಿದ್ಯಾಲಯದಲ್ಲಿ ಓದುವಾಗ ದೊರೆತ ಮೊದಲ ಪಾಠ. ಅವರ ನಿರ್ಣಯಗಳೆಲ್ಲವೂ ಇಂದು ಅಚಲವೆಂದು ನಾವು ಹೇಳುವುದಿಲ್ಲ. ಚರ್ಚೆ ಇನ್ನೂ ನಡೆದಿದೆ, ನಡೆಯಲಿ. ಮೋಳಿಗೆಯ ಮಾರಯ್ಯ, ಸಿದ್ಧರಾಮ, ಆದಯ್ಯ ಮೊದಲಾದವರ ವಚನಗಳನ್ನೂ ಅವರು ಸಂಪಾದಿಸಿದರು. 1962ರ ಆಗಸ್ಟ್ 28ರಂದು ದೇಹವಿಟ್ಟರು.

ಆ ಧಾರವಾಡದಲ್ಲಿಯೇ, ವಚನಗಳ ಪಾಠವನ್ನು ಶೋಧಿಸುವುದಕ್ಕೆ ಬಾಳನ್ನು ಸವೆಸಿದ ಎಂ.ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು. ಇತಿಹಾಸದ ಪ್ರಶ್ನೆ ಕೇಳುವವರಿಗೆ ಅಪಾಯವಿರುವ ಇಂಥ ಕಾಲದಲ್ಲಿ ನಿಂತು, ಪರಧರ್ಮದ ಇತಿಹಾಸಕ್ಕಾಗಿ ಕಣ್ಣು ಸವೆಸಿದ ಪಾದ್ರಿಯವರನ್ನು ನೆನೆಯುತ್ತಿದ್ದೇವೆ. ನಮ್ಮಲ್ಲಿ ಎಷ್ಟು ಮಂದಿ ಸ್ವಾಮಿಗಳು ಕ್ರೈಸ್ತರ ಸುವಾರ್ತೆಯನ್ನೋ ಸೂಫಿಗಳ ಪದಗಳನ್ನೋ ಆ ಶ್ರದ್ಧೆಯಿಂದ ಓದಿದ್ದೇವೆ?

ಅವರನ್ನು ಹೊಗಳುವಾಗಲೆಲ್ಲ ನಾವು “ಹೆಸರಿಗೆ ಕ್ರೈಸ್ತರು, ಹೃದಯದಲ್ಲಿ ಶರಣರು” ಎನ್ನುತ್ತೇವೆ. ಇದೇ ತಪ್ಪನ್ನು ನಾವೂ ಅನೇಕ ವೇದಿಕೆಗಳಲ್ಲಿ ಮಾಡಿದ್ದೇವೆ. ಅವರು ಹೆಸರಿಗೆ ಕ್ರೈಸ್ತರಾಗಿರಲಿಲ್ಲ. ಯೇಸುವಿನಲ್ಲಿಟ್ಟ ನಿಷ್ಠೆಯನ್ನು ಕಡೆಯವರೆಗೂ ಸಡಿಲಿಸಲಿಲ್ಲ. ಅಸ್ಪೃಶ್ಯರ ಉದ್ಧಾರಕ್ಕಾಗಿ ಬಸವಣ್ಣನವರು ಮಾಡಿದ ಕಾರ್ಯವನ್ನು ಕುರಿತು ಬರೆದಾಗಲೂ ಬರೆದವರು ಆ ನಿಷ್ಠೆಯ ಸಭಾಪಾಲಕರೇ. ಅವರ ಹಿರಿಯರು ಬಿಟ್ಟುಹೋದ ಮನೆಗೆ ನಾವು ಅವರನ್ನು ಬಲವಂತದಿಂದ ಕರೆತಂದರೆ, ಅವರ ಕೆಲಸದ ಬೆಲೆಯೇ ಹೋಗುತ್ತದೆ. ನಮ್ಮವರಾದದ್ದರಿಂದ ನಮ್ಮ ಕೆಲಸ ಮಾಡಿದರು ಎಂದಾಗುತ್ತದೆ.

ಹಲವಾಗಲಿನ ಆ ವೃದ್ಧರಿಗೆ ನಾವು ಕೊಟ್ಟ ಉತ್ತರ ಅದೇ ಆಗಿದ್ದಿತು. ಬರುವ ಶ್ರಾವಣದಲ್ಲಿ ಅಲ್ಲಿಗೆ ಹೋದಾಗ ಅವರನ್ನು ಕಂಡು ತಿದ್ದಿ ಹೇಳಬೇಕಾಗಿದೆ.