ಮಾಳದ ಮಗಳು, ಕೇಡಗಾಂವದ ತಾಯಿ

ಪುಣೆಯಿಂದ ಸೊಲ್ಲಾಪುರದ ಕಡೆ ಹೊರಡುವ ರೈಲಿನಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ಊರಿಗೆ ಹೋಗಿ ಬರುತ್ತೇವೆ. ಕಲಬುರಗಿ, ವಿಜಯಪುರದವರಿಗೆ ಅದೇ ದಾರಿ. ದೌಂಡ್ ಬರುವ ಮುಂಚೆ ಕೇಡಗಾಂವ್ ಎಂಬ ಸಣ್ಣ ನಿಲ್ದಾಣ ಕಿಟಕಿಯಾಚೆ ಸರಿದು ಹೋಗುತ್ತದೆ. ಸಾವಿರಾರು ಹೆಣ್ಣುಮಕ್ಕಳಿಗೆ ಮನೆಯಾದ ಮುಕ್ತಿ ಮಿಷನ್ ಇರುವುದು ಆ ಊರಿನಲ್ಲೇ. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಸಹ್ಯಾದ್ರಿಯ ಮಡಿಲಲ್ಲಿ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ.

ಕಾರ್ಕಳದ ಬಳಿಯ ಮಾಳದವರಾದ ಅನಂತಶಾಸ್ತ್ರಿ ಡೋಂಗ್ರೆ ಅವರು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದೇ ಆಗ ದೊಡ್ಡ ಅಪರಾಧವಾಯಿತು. ಜನರ ವಿರೋಧಕ್ಕೆ ಬೇಸತ್ತು ಅವರು ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಮಾಡಿಕೊಂಡರು. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಅಲ್ಲಿ. ಮಗು ಇನ್ನೂ ಹಸುಗೂಸಾಗಿದ್ದಾಗಲೇ ಸಂಸಾರ ಕಾಡು ಬಿಟ್ಟು, ಊರೂರು ತಿರುಗಿ ಪುರಾಣ ಹೇಳುತ್ತಾ ಬದುಕತೊಡಗಿತು. ತಾಯಿಯೇ ಮಗಳ ಗುರು. ಸಾವಿರಾರು ಶ್ಲೋಕಗಳು ಹುಡುಗಿಗೆ ಬಾಯಿಪಾಠವಾದವು. ಅಲೆದಾಟದ ನಡುವೆ ಕನ್ನಡವೂ ಸೇರಿ ಹಲವು ಭಾಷೆಗಳು ಬಂದವು.

1870ರ ದಶಕದ ಬರಗಾಲದಲ್ಲಿ ಆ ಕುಟುಂಬ ಎಲೆ, ಕಾಡುಹಣ್ಣು ತಿಂದು ದಿನ ನೂಕಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನೊಂದಿಗೆ ರಮಾ 1878ರಲ್ಲಿ ಕಲ್ಕತ್ತೆ ಸೇರಿದಾಗ ಅಲ್ಲಿನ ವಿದ್ವಾಂಸರು ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣ ಹೋದ. ಜಾತಿ ಮೀರಿ ಮದುವೆಯಾದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿ 1882ರಲ್ಲಿ ಕಾಲರಾದಿಂದ ತೀರಿಕೊಂಡರು. ಇಪ್ಪತ್ತನಾಲ್ಕರ ವಿಧವೆ, ಕಂಕುಳಲ್ಲಿ ಮಗಳು ಮನೋರಮಾ. ಹಾಗೆಯೇ ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹಂಟರ್ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಬೇಕು, ವೈದ್ಯೆಯರು ಬೇಕು ಎಂದು ಕೇಳಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದಾಗ ಅವರ ಮನಸ್ಸನ್ನು ತಿರುಗಿಸಿದ್ದು ವಾದವಲ್ಲ, ಕಣ್ಣಿಗೆ ಬಿದ್ದ ಕೆಲಸ. ಫುಲ್‌ಹ್ಯಾಮ್‌ನಲ್ಲಿ ಕ್ರೈಸ್ತ ಸನ್ಯಾಸಿನಿಯರು, ಸಮಾಜ ‘ಕೆಟ್ಟವರು’ ಎಂದು ತಳ್ಳಿದ ಹೆಂಗಸರನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದರು. ಅಂಥವರ ಮೇಲೆ ಇಷ್ಟು ಕರುಣೆ ಯಾಕೆ ಎಂದು ರಮಾಬಾಯಿ ಕೇಳಿದರು. ಉತ್ತರವಾಗಿ ಯೋಹಾನನ ಸುವಾರ್ತೆಯ ಸಮಾರ್ಯದ ಹೆಂಗಸಿನ ಕಥೆ ಬಂತು. ಬಾವಿಯ ಬಳಿ ಯೇಸು ಅವಳ ಜಾತಿ, ಹಿಂದಿನ ಬಾಳು ಯಾವುದನ್ನೂ ಲೆಕ್ಕಿಸದೆ ನೀರು ಕೇಳಿ ಮಾತಾಡಿಸಿದ ಕಥೆ. ಆ ವರ್ಷದ ಸೆಪ್ಟೆಂಬರ್ 29ರಂದು ಅವರು ದೀಕ್ಷಾಸ್ನಾನ ಪಡೆದರು. ಹಾಗೆಂದು ತಮ್ಮ ಬುದ್ಧಿಯನ್ನು ಯಾರಿಗೂ ಒಪ್ಪಿಸಲಿಲ್ಲ. ಚರ್ಚಿನ ಹಿರಿಯರೊಂದಿಗೆ ಪತ್ರಗಳಲ್ಲಿ ಜಗಳವಾಡಿದರು. ಸಸ್ಯಾಹಾರವನ್ನೂ ಹತ್ತಿಯ ಸೀರೆಯನ್ನೂ ಕೊನೆಯತನಕ ಬಿಡಲಿಲ್ಲ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿಯೇ ಮುಂದೆ ಧೋಂಡೋ ಕೇಶವ ಕರ್ವೆ ಅವರ ಕೈಹಿಡಿದು ಆನಂದಿಬಾಯಿ ಆದರು. ಮರುವರ್ಷ ಸದನ ಪುಣೆಗೆ ಬಂತು. ಅಲ್ಲಿ ಧರ್ಮಬೋಧನೆ ಇರಲಿಲ್ಲ. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. 1893ರಲ್ಲಿ ಇದೇ ದೊಡ್ಡ ವಿವಾದವಾಯಿತು. ‘ಕೇಸರಿ’ ಕಟುವಾಗಿ ಬರೆಯಿತು, ರಾನಡೆ, ಭಂಡಾರ್ಕರ್ ಅಂಥವರೂ ಸಲಹಾ ಮಂಡಳಿ ಬಿಟ್ಟರು, ಹಲವು ಪೋಷಕರು ಮಕ್ಕಳನ್ನು ಕರೆದೊಯ್ದರು.

ಈ ವಿವಾದವನ್ನು ಇಂದು ನಾವು ಹೇಗೆ ನೋಡಬೇಕು? ಎಳೆಯ ಮಕ್ಕಳ ಮೇಲೆ ಗುರುವಿನ ಪ್ರಭಾವ ದೊಡ್ಡದು. ಆದ್ದರಿಂದ ಹೆತ್ತವರ ಅಳುಕು ಸುಳ್ಳಲ್ಲ. ಆದರೆ ಅದೇ ಹುಡುಗಿಯರ ತಲೆ ಬೋಳಿಸಿ ಮೂಲೆಗೆ ಕೂರಿಸಿದ್ದಾಗ ಅಳುಕದ ಸಮಾಜ, ಅವರು ಪುಸ್ತಕ ಹಿಡಿದಾಗ ಎಚ್ಚೆತ್ತಿತು ಎಂಬುದೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ನೆನಪಿಡುವುದು ನ್ಯಾಯ.

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ತಾವು ಹಸಿದಿದ್ದ ದಿನಗಳು ನೆನಪಾಗಿ ರಮಾಬಾಯಿ ತಾವೇ ಅಲ್ಲಿಗೆ ಹೋದರು. ಸುಮಾರು 300 ಹೆಂಗಸರು, ಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧ. ಆದ್ದರಿಂದ ಕೇಡಗಾಂವದ ಹೊಲದಲ್ಲೇ ಸೂರು ಎದ್ದಿತು. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರ ಸಂಖ್ಯೆ 2000ದ ಹತ್ತಿರ ಬಂತು. ಬೀದಿಪಾಲಾದವರಿಗೆ ಕೃಪಾ ಸದನ, ಅಂಧರಿಗೆ ಬ್ರೈಲ್ ಪಾಠ, ಎಲ್ಲರಿಗೂ ಒಂದು ಕೈಕಸುಬು. ನೇಯ್ಗೆ, ಎಣ್ಣೆಗಾಣ, ಬೇಸಾಯ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು.

ತಾನು ದೇವರ ಲೆಕ್ಕದಲ್ಲೇ ಇಲ್ಲ ಎಂದು ನಂಬಿಸಲಾಗಿದ್ದ ಹೆಣ್ಣಿಗೆ, ನೀನೂ ಅವನ ಮಗಳು ಎಂದು ಹೇಳಬೇಕೆಂಬುದು ರಮಾಬಾಯಿಯವರ ಹಂಬಲವಾಗಿತ್ತು. ಅವರೇ ಮುಂದೆ ಬರೆದುಕೊಂಡಂತೆ, ಮತಾಂತರವಾಗಿ ಎಂಟು ವರ್ಷ ಕಳೆದರೂ ಅವರಿಗೆ ಸಿಕ್ಕಿದ್ದು ಕ್ರೈಸ್ತ ಧರ್ಮ ಮಾತ್ರ, ಕ್ರಿಸ್ತನಲ್ಲ. ಆ ಹುಡುಕಾಟ ಬಲ್ಲವರಾದ್ದರಿಂದಲೇ ಅವರು ಅನ್ನದ ತಟ್ಟೆಯನ್ನು ಮೊದಲು ಇಟ್ಟರು, ಪ್ರಾರ್ಥನೆ ಆಮೇಲೆ. ಓದು ಬಾರದ ಹೆಂಗಸರಿಗೂ ಅರ್ಥವಾಗಲೆಂದು ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. ಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ.

ಕರ್ನಾಟಕದ ನಂಟು ಹುಟ್ಟಿಗೇ ಮುಗಿಯಲಿಲ್ಲ. ಆಗ ನಿಜಾಮ್ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ ತಾಯಿ ಮಗಳು ಸೇರಿ ಶಾಲೆ ತೆರೆದರು. 1921ರಲ್ಲಿ ಮನೋರಮಾ ತೀರಿಕೊಂಡರು. ಮರುವರ್ಷ ಏಪ್ರಿಲ್ 5ರಂದು, ಅನುವಾದದ ಕೆಲಸ ಮುಗಿಸಿ, ರಮಾಬಾಯಿ ಕಣ್ಣು ಮುಚ್ಚಿದರು.

ಹೊರನಾಡಿಗೆ ಬಂದ ಹೆಣ್ಣಿಗೆ ಮೊದಲು ಬೇಕಾಗುವುದು ತೆರೆದ ಬಾಗಿಲು. ನಮ್ಮ ಸಂಘಗಳ ಮಹಿಳಾ ವಿಭಾಗಗಳು ಹುಟ್ಟಿದ್ದೂ ಅದಕ್ಕೇ ಅಲ್ಲವೇ? ಗಂಡನನ್ನು ಕಳೆದುಕೊಂಡವಳು, ಮನೆ ಬಿಟ್ಟು ಬಂದವಳು, ಅರಿಶಿನ ಕುಂಕುಮದ ಕರೆಯಿಂದ ತಪ್ಪಿಹೋದವಳು ನಮ್ಮ ಬಾಗಿಲಲ್ಲಿ ನಿಂತರೆ ನಾವೇನು ಮಾಡುತ್ತೇವೆ? ಮುಂದಿನ ಸಲ ಕೇಡಗಾಂವ್ ಕಿಟಕಿಯಲ್ಲಿ ಸರಿದಾಗ ಈ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳೋಣ.