ಕಾಲೇಜಿನ ಮೊದಲ ಫ್ರೆಂಚ್ ಪಾಠ

1857ರಲ್ಲಿ ಸ್ಥಾಪಿತವಾದ ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪದವಿ ವಿದ್ಯಾರ್ಥಿಯು ಮೊದಲ ಭಾಗದ ಭಾಷೆಯಾಗಿ ತಮಿಳನ್ನಾಗಲಿ, ಅಲ್ಲಿ ಲಭ್ಯವಿರುವ ಬೇರೊಂದು ಭಾಷೆಯನ್ನಾಗಲಿ ಆರಿಸಿಕೊಳ್ಳಬೇಕು. ಹಿಂದಿ, ಸಂಸ್ಕೃತಗಳೊಡನೆ ಫ್ರೆಂಚ್ ಸಹ ಅನೇಕ ಕಾಲೇಜುಗಳಲ್ಲಿದೆ. 1954ರವರೆಗೆ ಫ್ರೆಂಚರ ಆಡಳಿತದಲ್ಲಿದ್ದ ಪುದುಚೇರಿಯು ಇಲ್ಲಿಂದ ಸುಮಾರು 150 ಕಿ.ಮೀ. ದೂರವಷ್ಟೆ. ಕಾಲೇಜಿನ ಹೊರಗೆ ಕಲಿಯಬಯಸುವವರಿಗೆ ನುಂಗಂಬಾಕ್ಕಂನ ಆಲಿಯಾನ್ಸ್ ಫ್ರಾನ್ಸೇಸ್ 1953ರಿಂದಲೂ ಇದೆ. ಅಲ್ಲಿ ಹೊಸಬರ ಹಂತದ ಹೆಸರು 'ಎ1'.

ಪಾಠವು ಅಕ್ಷರಮಾಲೆಯಿಂದಲೇ ಆರಂಭ. ಪದದ ಕೊನೆಯ ವ್ಯಂಜನವನ್ನು ಬರೆಯುತ್ತಾರೆ, ಬಹುಮಟ್ಟಿಗೆ ಉಚ್ಚರಿಸುವುದಿಲ್ಲ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಅಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ, ಕಾರಣ ಕೇಳುವಂತಿಲ್ಲ. ಆದರೆ 'ತ್ಯು' ಮತ್ತು 'ವು' ಎಂಬ ಭೇದವು ನಮ್ಮ ಮಕ್ಕಳಿಗೆ ಸುಲಭ. ಅದು ನಮ್ಮ ನೀನು–ನೀವುಗಳೇ. ಸಂಖ್ಯೆಗಳದ್ದೇ ತೊಡಕು. ಎಪ್ಪತ್ತಕ್ಕೆ ಅರವತ್ತು-ಹತ್ತು, ಎಂಬತ್ತಕ್ಕೆ ನಾಲ್ಕು ಇಪ್ಪತ್ತು, ತೊಂಬತ್ತೊಂಬತ್ತಕ್ಕೆ ನಾಲ್ಕು ಇಪ್ಪತ್ತು-ಹತ್ತು-ಒಂಬತ್ತು! ಬ್ಯಾಂಕಿನಲ್ಲಿ ನೋಟು ಎಣಿಸಿ ಬದುಕಿದ ನಮಗೆ ಇದು ಪರಮಾಶ್ಚರ್ಯ.

ನಾವು ಫ್ರೆಂಚಿನ ವಿರೋಧಿಗಳಲ್ಲ. ಆದರೆ ಹೆಚ್ಚು ಅಂಕ ಬರುವುದೆಂಬ ಒಂದೇ ಕಾರಣಕ್ಕೆ ಅದನ್ನು ಹಿಡಿಯುವುದು ನಮಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಕನ್ನಡವಾಡುವ, ಆದರೆ ಅಜ್ಜಿಯ ಪತ್ರವನ್ನು ಓದಲಾರದ ಮಕ್ಕಳು ನಮ್ಮ ನಡುವೆ ಇದ್ದಾರೆ. ಮದ್ರಾಸು ವಿಶ್ವವಿದ್ಯಾನಿಲಯದಲ್ಲಿ ಫ್ರೆಂಚ್ ವಿಭಾಗವಿರುವಂತೆ ಕನ್ನಡ ವಿಭಾಗವೂ ಇದೆ. ಪ್ರವೇಶದ ಅರ್ಜಿಯಲ್ಲಿ ಭಾಷೆಯನ್ನು ಬರೆಯುವ ಮುನ್ನ, ಆ ಕಾಲೇಜಿನಲ್ಲಿ ಕನ್ನಡವಿದೆಯೇ ಎಂದು ಪೋಷಕರು ಕಚೇರಿಯಲ್ಲಿ ಒಮ್ಮೆ ವಿಚಾರಿಸಬೇಕು. ಇಲ್ಲವೆಂದಾದರೆ ಮಗುವಿಗೆ ಫ್ರೆಂಚ್ ಇರಲಿ, ಭಾನುವಾರ ಮನೆಯಲ್ಲಿ ಕನ್ನಡ ಕಾಗುಣಿತವಿರಲಿ.