ದುಡಿಯುವ ಕೈಯ ನೋವು: ಮುನ್ನೂರು ವರ್ಷಗಳ ಹುಡುಕಾಟ

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ ಕಸುಬುದಾರರ ಕಾಯಿಲೆಗಳ ಬಗ್ಗೆ 1700ರಲ್ಲಿ ಒಂದು ಪುಸ್ತಕ ಬರೆದರು. 1713ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ, ಅದನ್ನು ಹಿಗ್ಗಿಸಿ ಮತ್ತೆ ಅಚ್ಚು ಹಾಕಿಸಿದಾಗ ಲಿಪಿಕಾರರು ಮತ್ತು ನೋಟರಿಗಳ ಮೇಲೊಂದು ಅಧ್ಯಾಯ ಸೇರಿಸಿದರು. ಅದರಲ್ಲಿ ಒಬ್ಬ ನೋಟರಿಯ ಕಥೆಯಿದೆ. ಜೀವನವಿಡೀ ಬರೆದೂ ಬರೆದೂ ಅವನ ತೋಳು ಸೋಲತೊಡಗಿತು, ಯಾವ ಮದ್ದಿಗೂ ಬಗ್ಗಲಿಲ್ಲ, ಕೊನೆಗೆ ಬಲಗೈ ಪೂರ್ತಿ ಕೆಲಸಕ್ಕೆ ಬಾರದಾಯಿತು. ಛಲ ಹಿಡಿದು ಎಡಗೈಯಲ್ಲಿ ಬರೆಯುವುದನ್ನು ಕಲಿತ. ಕೆಲಕಾಲಕ್ಕೆ ಅದಕ್ಕೂ ಅದೇ ಗತಿ ಬಂತು.

ರಾಮಾಜ್ಜಿನಿ ಇದಕ್ಕೆ ಮೂರು ಕಾರಣ ಕೊಟ್ಟರು: ಎದ್ದೇಳದೆ ಕೂರುವುದು, ಕೈಯನ್ನು ಬಿಡುವಿಲ್ಲದೆ ಒಂದೇ ರೀತಿ ಆಡಿಸುವುದು, ಲೆಕ್ಕ ತಪ್ಪಿ ಧಣಿಗೆ ನಷ್ಟವಾದರೆ ಏನು ಗತಿ ಎಂಬ ಮನಸ್ಸಿನ ಒತ್ತಡ. ಮುಂದಿನ ಮುನ್ನೂರು ವರ್ಷಗಳ ಸಂಶೋಧನೆಯನ್ನು ಓದುತ್ತ ಹೋದರೆ, ಈ ಮೂರನ್ನೂ ಒಟ್ಟಿಗೆ ಹಿಡಿದುಕೊಂಡವರು ಬಹಳ ಕಡಿಮೆ. ಒಬ್ಬರು ಕೈಯನ್ನಷ್ಟೇ ನೋಡಿದರು, ಇನ್ನೊಬ್ಬರು ಮನಸ್ಸನ್ನಷ್ಟೇ, ಮತ್ತೊಬ್ಬರು ಉಪಕರಣವನ್ನಷ್ಟೇ. ನೋವಿನವರು ಮಾತ್ರ ಈ ಮೂವರ ಜಗಳದ ನಡುವೆ ಸಿಕ್ಕಿಕೊಂಡರು.

ಹತ್ತೊಂಬತ್ತನೇ ಶತಮಾನದ ಲಂಡನ್ನಿನ ಕಚೇರಿಗಳಲ್ಲಿ ಗುಮಾಸ್ತರ ದಂಡೇ ಬೆಳೆಯಿತು. 1830ರ ದಶಕದಲ್ಲಿ ಚಾರ್ಲ್ಸ್ ಬೆಲ್, 1860ರ ದಶಕದಲ್ಲಿ ಸ್ಯಾಮ್ಯುಯೆಲ್ ಸಾಲಿ ಬರೆಯುವವರ ಕೈ ಸೆಟೆದುಕೊಳ್ಳುವುದನ್ನು ದಾಖಲಿಸಿದರು. ಹಕ್ಕಿಗರಿಯ ಲೇಖನಿ ಹೋಗಿ ಉಕ್ಕಿನ ನಿಬ್ಬು ಬಂದದ್ದೇ ಕಾರಣ ಎಂಬ ಮಾತೂ ಆಗ ಹರಡಿತ್ತು. ಶತಮಾನದ ಕೊನೆಯ ಹೊತ್ತಿಗೆ ನರರೋಗ ತಜ್ಞ ವಿಲಿಯಂ ಗೋವರ್ಸ್ ಅಂಥವರು ಇದನ್ನು ಕಸುಬಿನಿಂದ ಬರುವ ನರದೌರ್ಬಲ್ಯಗಳ ಸಾಲಿಗೆ ಸೇರಿಸಿದ್ದರು. ಅಲ್ಲಿಂದ ಒಂದು ಅನುಮಾನ ಅಂಟಿಕೊಂಡಿತು: ಕೈ ನೋಯುವವನ ಸ್ವಭಾವದಲ್ಲೇ ಏನೋ ಐಬಿರಬೇಕು ಎಂಬ ಅನುಮಾನ.

ಟೆಲಿಗ್ರಾಫ್ ಬಂದ ಮೇಲೆ ಅದು ಕಚೇರಿಯ ಕಡತಕ್ಕೂ ಏರಿತು. ಮೋರ್ಸ್ ಕೀಲಿಯನ್ನು ಮೇಲೆ ಕೆಳಗೆ ಕುಟ್ಟುತ್ತ ದಿನ ಕಳೆಯುವ ಅಮೆರಿಕದ ಆಪರೇಟರುಗಳು ತಮ್ಮ ಕಾಯಿಲೆಯನ್ನು 'ಗಾಜಿನ ತೋಳು' ಎನ್ನುತ್ತಿದ್ದರು. ಹೊರಗೆ ಏನೂ ಕಾಣದು, ಆದರೆ ಕೈ ಮಾತು ಕೇಳದು. ಹೊರೇಸ್ ಮಾರ್ಟಿನ್ ಎಂಬಾತ 1904ರಲ್ಲಿ ಪೇಟೆಂಟ್ ಪಡೆದ ವೈಬ್ರೋಪ್ಲೆಕ್ಸ್ ಕೀಲಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಸಾಕು, ಚುಕ್ಕಿಗಳು ತಾವಾಗಿಯೇ ಬೀಳುತ್ತಿದ್ದವು. ಕೈಗೆ ಹಗುರ ಮಾಡುವ ಉಪಕರಣಗಳ ವಂಶಾವಳಿಯಲ್ಲಿ ಇದು ಹಿರಿಯದು. ಎರಡು ಹೋಳಾದ ಕೀಬೋರ್ಡು, ನಿಲುವು ಮೌಸುಗಳೆಲ್ಲ ಇದರ ಕಿರಿಯರು. ಬ್ರಿಟನ್ ಸರ್ಕಾರ 1908ರಲ್ಲಿ ಟೆಲಿಗ್ರಾಫ್ ನೌಕರರ ಈ ಕಾಯಿಲೆಯನ್ನು ಪರಿಹಾರಕ್ಕೆ ಅರ್ಹವಾದ ರೋಗಗಳ ಪಟ್ಟಿಗೆ ಸೇರಿಸಿತು. ಮೂರೇ ವರ್ಷಕ್ಕೆ, ಅಂದರೆ 1911ರಲ್ಲಿ, ವಿಚಾರಣಾ ಸಮಿತಿಯೊಂದು ಎರಡು ಕಾರಣ ಹೇಳಿತು: ಪದೇ ಪದೇ ಆಗುವ ದಣಿವು ಒಂದು, ನೌಕರನ ನರಗಳ ದುರ್ಬಲತೆ ಇನ್ನೊಂದು. ಪರಿಹಾರವನ್ನೂ ಕೊಟ್ಟರು, ಅನುಮಾನವನ್ನೂ ಬಿಡಲಿಲ್ಲ.

ಅದೇ ಕಾಲದಲ್ಲಿ ಶಸ್ತ್ರವೈದ್ಯರು ಮತ್ತು ಅಂಗರಚನಾ ತಜ್ಞರು ಬೇರೆ ದಾರಿಯಲ್ಲಿ ನಡೆದಿದ್ದರು. ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕದ ಎಲುಬಿನ ಮೇಲೆ ಹಾದುಹೋಗುವ ಸ್ನಾಯುರಜ್ಜುಗಳ ಕವಚ ದಪ್ಪಗಾಗಿ ಅವನ್ನು ಹಿಸುಕುವುದನ್ನು ವಿವರಿಸಿದರು. ಬಟ್ಟೆ ಹಿಂಡುವಾಗ, ಮಗುವನ್ನು ಕಂಕುಳಿಗೆ ಕೈಕೊಟ್ಟು ಎತ್ತುವಾಗ, ಈಗೀಗ ಹೆಬ್ಬೆರಳಿನಲ್ಲೇ ಗಂಟೆಗಟ್ಟಲೆ ಮೊಬೈಲ್ ಒತ್ತುವಾಗ ಚುಚ್ಚುವ ನೋವು ಇದೇ. 1913ರಲ್ಲಿ ಪ್ಯಾರಿಸ್ಸಿನ ಪಿಯೇರ್ ಮಾರಿ ಮತ್ತು ಶಾರ್ಲ್ ಫುವಾ ಒಂದು ಶವಪರೀಕ್ಷೆಯಲ್ಲಿ ಮಣಿಕಟ್ಟಿನೊಳಗೆ ಕೃಶವಾಗಿದ್ದ ನರವನ್ನು ಕಂಡರು. ನರದ ಮೇಲೆ ಹಾಯುವ ಗಟ್ಟಿ ಪಟ್ಟಿಯನ್ನು ಮೊದಲೇ ಕೊಯ್ದಿದ್ದರೆ ನರ ಉಳಿಯುತ್ತಿತ್ತೇನೋ ಎಂದು ಬರೆದರು. 1950ರ ನಂತರ ಕ್ಲೀವ್‌ಲ್ಯಾಂಡಿನ ಜಾರ್ಜ್ ಫೇಲನ್ ಕಾರ್ಪಲ್ ಟನಲ್ ಕಾಯಿಲೆಯನ್ನು ಪ್ರತಿ ವೈದ್ಯನಿಗೂ ಪರಿಚಯವಾಗುವಂತೆ ಮಾಡಿದರು. ಮಣಿಕಟ್ಟುಗಳನ್ನು ಪೂರ್ತಿ ಮಡಚಿ ಒಂದು ನಿಮಿಷ ಹಿಡಿದಾಗ ಬೆರಳು ಜೋಮು ಹಿಡಿಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಇಂದಿಗೂ ಅವರದೇ ಹೆಸರು.

ಕಾರ್ಪಲ್ ಟನಲ್ ಎಂದರೆ ಮಣಿಕಟ್ಟಿನ ಸುರಂಗ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಳಕ್ಕೆ ಮಣಿಕಟ್ಟಿನ ಸಣ್ಣ ಎಲುಬುಗಳು ಬಾಗಿ ನಿಂತಿವೆ, ಮೇಲೆ ಹಿಗ್ಗದ ಗಟ್ಟಿ ಪಟ್ಟಿಯ ಮುಚ್ಚಳ. ಆ ಇಕ್ಕಟ್ಟಿನಲ್ಲಿ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು ಮತ್ತು ಒಂದು ಮೀಡಿಯನ್ ನರ ಹಾದುಹೋಗಬೇಕು. ಒಳಗೆ ಚೂರು ಊದಿದರೂ ಪೆಟ್ಟು ತಿನ್ನುವುದು ನರವೇ. ರಿಚರ್ಡ್ ಗೆಲ್ಬರ್‌ಮನ್ ಮತ್ತು ಸಂಗಡಿಗರು 1981ರಲ್ಲಿ ಸುರಂಗದೊಳಗೆ ಸಣ್ಣ ನಳಿಕೆ ಇಳಿಸಿ ಒತ್ತಡವನ್ನೇ ಅಳೆದರು. ಆರೋಗ್ಯವಂತರಲ್ಲಿ ಮಣಿಕಟ್ಟು ನೇರವಾಗಿದ್ದಾಗ ಸರಾಸರಿ ಒತ್ತಡ ಪಾದರಸದ 2.5 ಮಿಲಿಮೀಟರ್, ರೋಗಿಗಳಲ್ಲಿ 32. ಕೈ ಮಡಚಿದಾಗ ರೋಗಿಗಳಲ್ಲಿ ಅದು 94ಕ್ಕೆ, ಹಿಂದಕ್ಕೆ ಬಾಗಿಸಿದಾಗ 110ಕ್ಕೆ ಏರಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ನಡುರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳುವವರು ನಿದ್ದೆಯಲ್ಲಿ ಮಣಿಕಟ್ಟು ಮಡಚಿ ಮಲಗಿರುತ್ತಾರೆ. ರಾತ್ರಿ ಮಣಿಕಟ್ಟನ್ನು ನೇರ ಇಡುವ ಪಟ್ಟಿ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಇನ್ನೊಂದಿಲ್ಲ.

ಆದರೆ ಫೇಲನ್ ಒಂದು ವಾದವನ್ನು ಕೊನೆಯವರೆಗೂ ಬಿಡಲಿಲ್ಲ. ತಮ್ಮ ರೋಗಿಗಳಲ್ಲಿ ನಡುವಯಸ್ಸಿನ ಹೆಂಗಸರೇ ಹೆಚ್ಚು, ಹಾಗಾಗಿ ಇದು ಕಸುಬಿನ ಕಾಯಿಲೆಯಲ್ಲ ಎಂದರು. ಮನೆಗೆಲಸವನ್ನು ಕೆಲಸವೆಂದು ಎಣಿಸದ ಕಾಲದಲ್ಲಿ ಆ ತೀರ್ಮಾನ ಸುಲಭವಾಗಿತ್ತು. ಮಧುಮೇಹ, ಥೈರಾಯ್ಡ್ ಕೊರತೆ, ಸಂಧಿವಾತ, ಬಸಿರು ಇವುಗಳಿಂದಲೂ ಈ ಕಾಯಿಲೆ ಬರುತ್ತದೆಂಬುದು ನಿಜ. ಅದರಿಂದ ದುಡಿಮೆಯ ಪಾಲು ಇಲ್ಲವಾಗುವುದಿಲ್ಲ.

ದುಡಿಮೆಯ ಪಾಲನ್ನು ಮೊದಲು ಗಂಭೀರವಾಗಿ ಎಣಿಸಿದ ದೇಶ ಜಪಾನ್. ಅಲ್ಲಿ 1950ರ ದಶಕದ ಕೊನೆಯಿಂದ ಕಾರ್ಡಿನಲ್ಲಿ ತೂತು ಹೊಡೆಯುವ ಕೀಪಂಚ್ ಆಪರೇಟರುಗಳು, ಟೈಪಿಸ್ಟರು, ಅಂಗಡಿಯ ಕ್ಯಾಷಿಯರುಗಳು ಕುತ್ತಿಗೆ, ತೋಳು, ಕೈ ನೋವಿನಿಂದ ಒದ್ದಾಡಿದರು. 1964ರಲ್ಲಿ ಕಾರ್ಮಿಕ ಸಚಿವಾಲಯ ಒಂದು ಸೂಚನೆ ಹೊರಡಿಸಿತು: ಕೀಲಿಮಣೆಯ ಕೆಲಸ ದಿನಕ್ಕೆ ಐದು ಗಂಟೆ ಮೀರಬಾರದು, ಗಂಟೆಗೆ ಹತ್ತು ನಿಮಿಷ ಬಿಡುವು ಬೇಕು, ದಿನಕ್ಕೆ 40,000 ಒತ್ತುಗಳೇ ಗರಿಷ್ಠ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಇಷ್ಟು ನೇರವಾದ, ಇಷ್ಟು ಉಪಯುಕ್ತವಾದ ಆದೇಶ ಇನ್ನೊಂದು ಬರಲಿಲ್ಲ. ಯಾವ ನರ, ಯಾವ ರಜ್ಜು ಎಂಬ ಜಗಳ ಮುಗಿಯಲಿ ಎಂದು ಅದು ಕಾಯಲಿಲ್ಲ. ಕೆಲಸಕ್ಕೆ ಮಿತಿ ಹಾಕಿತು.

ಆಸ್ಟ್ರೇಲಿಯಾದಲ್ಲಿ ಆದದ್ದು ಬೇರೆ. 1980ರ ದಶಕದ ಮೊದಲರ್ಧದಲ್ಲಿ ಅಲ್ಲಿ ಆರ್‌ಎಸ್‌ಐ (ರಿಪಿಟಿಟಿವ್ ಸ್ಟ್ರೇನ್ ಇಂಜುರಿ, ಒಂದೇ ಚಲನೆಯನ್ನು ಪದೇ ಪದೇ ಮಾಡಿ ಬರುವ ನೋವು) ಎಂಬ ಮೂರಕ್ಷರ ಮನೆಮಾತಾಯಿತು. ಟೆಲಿಕಾಂ ಆಸ್ಟ್ರೇಲಿಯಾ ಒಂದರಲ್ಲೇ 1981ರಿಂದ 1985ರವರೆಗೆ ಸುಮಾರು ನಾಲ್ಕು ಸಾವಿರ ಪ್ರಕರಣಗಳು ದಾಖಲಾದವು. ವಿಚಿತ್ರವೆಂದರೆ, ಅತಿ ಹೆಚ್ಚು ಕೀಲಿ ಒತ್ತುತ್ತಿದ್ದ ಟೆಲಿಗ್ರಾಫ್ ನೌಕರರಲ್ಲಿ ಸಾವಿರಕ್ಕೆ 34 ಮಂದಿಗೆ ನೋವು ಬಂದರೆ, ಅವರಿಗಿಂತ ಬಹಳ ಕಡಿಮೆ ಒತ್ತುತ್ತಿದ್ದ ಟೆಲಿಫೋನ್ ಆಪರೇಟರುಗಳಲ್ಲಿ 343 ಮಂದಿಗೆ. ಇದನ್ನೇ ಹಿಡಿದುಕೊಂಡು ಹಲವರು, ನೋಡಿ, ಇದು ಸಾಮೂಹಿಕ ಭ್ರಮೆ ಎಂದರು. ಬ್ರಿಟನ್ನಿನಲ್ಲಿ 1993ರಲ್ಲಿ ರಾಯಿಟರ್ಸ್ ಪತ್ರಕರ್ತನೊಬ್ಬನ ಮೊಕದ್ದಮೆಯಲ್ಲಿ ನ್ಯಾಯಾಧೀಶ ಜಾನ್ ಪ್ರಾಸರ್, ಈ ಹೆಸರಿಗೆ ವೈದ್ಯಕೀಯ ಗ್ರಂಥಗಳಲ್ಲಿ ಜಾಗವೇ ಇಲ್ಲ ಎಂಬರ್ಥದ ತೀರ್ಪು ಕೊಟ್ಟರು. ಹೆಸರಿನ ಮೇಲಿನ ಆಕ್ಷೇಪ ಒಪ್ಪಬಹುದು, ಅದು ಹತ್ತು ಕಾಯಿಲೆಗಳನ್ನು ಒಂದೇ ಚೀಲಕ್ಕೆ ತುಂಬುತ್ತದೆ. ನೋವೇ ಸುಳ್ಳು ಎಂಬಲ್ಲಿಗೆ ಮಾತು ಜಾರಿದ್ದು ಮಾತ್ರ ಅನ್ಯಾಯ.

ಆಸ್ಟ್ರೇಲಿಯಾದ ಆ ಅಂಕಿಗಳಿಗೆ ಬೇರೆ ಅರ್ಥವೂ ಇತ್ತು: ಬರೀ ಒತ್ತುಗಳನ್ನು ಎಣಿಸಿದರೆ ಸಾಲದು. 1987ರಲ್ಲಿ ಬಾರ್ಬರಾ ಸಿಲ್ವರ್‌ಸ್ಟೈನ್ ತಂಡ ಅಮೆರಿಕದ ಏಳು ಕೈಗಾರಿಕಾ ಘಟಕಗಳ 652 ಕಾರ್ಮಿಕರನ್ನು ಪರೀಕ್ಷಿಸಿತು. ಅರ್ಧ ನಿಮಿಷಕ್ಕಿಂತ ಕಡಿಮೆ ಅವಧಿಯ ಒಂದೇ ಕೆಲಸವನ್ನು ಮತ್ತೆ ಮತ್ತೆ, ಅದೂ ಬಲ ಹಾಕಿ ಮಾಡುವವರಲ್ಲಿ ಕಾರ್ಪಲ್ ಟನಲ್ ಕಾಯಿಲೆಯ ಸಂಭವ, ಬಲವೂ ಪುನರಾವರ್ತನೆಯೂ ಕಡಿಮೆ ಇರುವವರಿಗಿಂತ ಹದಿನೈದು ಪಟ್ಟು ಹೆಚ್ಚಿತ್ತು. ಡೆನ್ಮಾರ್ಕಿನಲ್ಲಿ ಸುಮಾರು ಏಳು ಸಾವಿರ ಮಂದಿಯ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೀಬೋರ್ಡಿಗೂ ಈ ಕಾಯಿಲೆಗೂ ನಂಟು ಕಾಣಲಿಲ್ಲ. ವಾರಕ್ಕೆ 20 ಗಂಟೆ ಮೀರಿ ಮೌಸ್ ಹಿಡಿಯುವವರಲ್ಲಿ ಅಷ್ಟಿಷ್ಟು ಕಂಡಿತು. ಅಂದರೆ ಮಾಂಸ ಕತ್ತರಿಸುವವರು, ಬಿಡಿಭಾಗ ಜೋಡಿಸುವವರು, ಹೊಲಿಗೆಯವರು ಕಂಪ್ಯೂಟರಿನವರಿಗಿಂತ ಹೆಚ್ಚು ಅಪಾಯದಲ್ಲಿದ್ದಾರೆ. ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಕಂಪ್ಯೂಟರಿನವರ ಸುದ್ದಿ.

ಮನಸ್ಸಿನ ಒತ್ತಡದ ಪಾಲೂ ಹೊಸ ಬೆಳಕಿನಲ್ಲಿ ಕಂಡಿತು. ಅಮೆರಿಕದ ಟೆಲಿಫೋನ್ ಕಂಪನಿಯೊಂದರ 533 ನೌಕರರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 22 ಮಂದಿಗೆ ಕೈತೋಳಿನ ತೊಂದರೆಯಿತ್ತು. ತಮ್ಮ ಕೆಲಸವನ್ನು ಕಂಪ್ಯೂಟರ್ ಕಿತ್ತುಕೊಂಡೀತೆಂಬ ಭಯ, ಹೆಚ್ಚುತ್ತಿರುವ ಕೆಲಸದ ಒತ್ತಡ, ಒಮ್ಮೆಲೇ ಮೈಮೇಲೆ ಬೀಳುವ ಕೆಲಸ ಇದ್ದಲ್ಲಿ ನೋವೂ ಹೆಚ್ಚಿತ್ತು. ಇದಕ್ಕೆ ಭ್ರಮೆ ಎನ್ನಲಾಗದು. ಹೆದರಿದವರು ಬಿಡುವು ತೆಗೆದುಕೊಳ್ಳುವುದಿಲ್ಲ, ಭುಜ ಸಡಿಲ ಬಿಡುವುದಿಲ್ಲ, ನೋವನ್ನು ಹೇಳಿಕೊಳ್ಳುವುದೂ ಇಲ್ಲ.

ಕೋಶಗಳ ಮಟ್ಟದಲ್ಲೂ ಪುರಾವೆ ಸಿಕ್ಕಿತು. ಫಿಲಡೆಲ್ಫಿಯಾದ ಆನ್ ಬಾರ್ ಮತ್ತು ಮೇರಿ ಬಾರ್ಬೆ ಈ ಶತಮಾನದ ಮೊದಲ ವರ್ಷಗಳಲ್ಲಿ ಇಲಿಗಳಿಗೆ ಕೈಚಾಚಿ ಕಾಳು ಎತ್ತಿಕೊಳ್ಳುವುದನ್ನು ಕಲಿಸಿದರು. ದಿನಕ್ಕೆ ಎರಡೇ ಗಂಟೆ, ವಾರಕ್ಕೆ ಮೂರೇ ದಿನ. ಕೆಲವೇ ವಾರಗಳಲ್ಲಿ ಸ್ನಾಯುರಜ್ಜುಗಳಲ್ಲಿ ಉರಿಯೂತ ಕಂಡಿತು, ಮೀಡಿಯನ್ ನರದ ವೇಗ ಇಳಿಯಿತು, ಕೆಲಸ ಮಾಡದ ಇನ್ನೊಂದು ಕೈಯಲ್ಲೂ ಉರಿಯೂತದ ಕುರುಹು ಸಿಕ್ಕಿತು. ಇಲಿಗೆ ಪರಿಹಾರಧನದ ಆಸೆಯಿಲ್ಲ, ವಕೀಲನೂ ಇಲ್ಲ. ಕ್ಯಾಲಿಫೋರ್ನಿಯಾದ ನ್ಯಾನ್ಸಿ ಬಿಲ್ 1996ರಲ್ಲಿ ಕೋತಿಗಳಲ್ಲಿ ತೋರಿಸಿದ್ದು ಇನ್ನೂ ಸೂಕ್ಷ್ಮ: ಒಂದೇ ಚಲನೆಯನ್ನು ಅತಿಯಾಗಿ ಮಾಡಿಸಿದರೆ ಮೆದುಳಿನಲ್ಲಿ ಒಂದೊಂದು ಬೆರಳಿಗೂ ಇರುವ ಬೇರೆ ಬೇರೆ ಜಾಗಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಪಿಯಾನೊ ವಾದಕ ಲಿಯಾನ್ ಫ್ಲೈಷರ್ ಅವರ ಬಲಗೈ ಬೆರಳುಗಳು 1960ರ ದಶಕದಲ್ಲಿ ತಾವಾಗಿ ಮಡಚಿಕೊಂಡು ದಶಕಗಳ ಕಾಲ ಎಡಗೈಯಲ್ಲೇ ನುಡಿಸುವಂತಾದದ್ದು ಈ ಬಗೆಯ ತೊಂದರೆಯಿಂದಲೇ.

ಚಿಕಿತ್ಸೆಯ ಕಡೆ ಈಗ ಖಚಿತವಾಗಿ ಹೇಳಬಹುದಾದ ಮಾತು ಕೆಲವಿವೆ. ಕಾರ್ಪಲ್ ಟನಲ್ ತೊಂದರೆಗೆ ನೆದರ್‌ಲ್ಯಾಂಡಿನ 2002ರ ಅಧ್ಯಯನದಲ್ಲಿ ರಾತ್ರಿಪಟ್ಟಿ ಕಟ್ಟಿದವರಲ್ಲಿ ಮೂರು ತಿಂಗಳಿಗೆ ನೂರಕ್ಕೆ 54 ಮಂದಿ, ಶಸ್ತ್ರಚಿಕಿತ್ಸೆಯಾದವರಲ್ಲಿ 80 ಮಂದಿ ಸುಧಾರಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೊಯ್ಯದೆಯೇ ಗುಣ ಸಿಗುವುದರಿಂದ ಮೊದಲು ಪಟ್ಟಿ. ಜೋಮು ಬಿಡದೆ ಉಳಿದರೆ ಅಥವಾ ಹೆಬ್ಬೆರಳ ಬುಡದ ಮಾಂಸಖಂಡ ಸೊರಗತೊಡಗಿದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಾರದು, ಸತ್ತ ನರ ಹಿಂದಿರುಗುವುದು ಕಷ್ಟ. ಎಲ್ಲ ನೋವಿಗೂ ಸ್ಟೆರಾಯ್ಡ್ ಸೂಜಿ ಚುಚ್ಚುವ ಅಭ್ಯಾಸ ಒಳ್ಳೆಯದಲ್ಲ. ಬೆರಳು ಮಡಚಿದಲ್ಲೇ ಸಿಕ್ಕಿಕೊಳ್ಳುವ ತೊಂದರೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮೊಣಕೈ ಹೊರಬದಿಯ ನೋವಿಗೆ ಹಾಗಲ್ಲ: 2013ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಒಂದು ವರ್ಷದ ನಂತರ ಸೂಜಿ ಪಡೆದವರೇ ಹಿಂದೆ ಬಿದ್ದಿದ್ದರು. ತಿಂಗಳುಗಟ್ಟಲೆ ಕೈಯನ್ನು ಪೂರ್ತಿ ಕಟ್ಟಿಡುವುದೂ ತಪ್ಪು. ನೋವು ತಗ್ಗಿದಂತೆ ಸ್ವಲ್ಪ ಸ್ವಲ್ಪವೇ ಭಾರ ಹೊರಿಸಿ ರಜ್ಜುವನ್ನು ಮತ್ತೆ ಗಟ್ಟಿಮಾಡಬೇಕು.

ಎಲ್ಲಕ್ಕಿಂತ ಸರಳವಾದ ಮದ್ದು ಬಿಡುವು. ಅಮೆರಿಕದ ತೆರಿಗೆ ಇಲಾಖೆಯ ಡೇಟಾ ಎಂಟ್ರಿ ನೌಕರರಿಗೆ ಇದ್ದ ಎರಡು ವಿರಾಮಗಳ ಜೊತೆಗೆ ಐದೈದು ನಿಮಿಷದ ನಾಲ್ಕು ವಿರಾಮ ಕೊಟ್ಟು ನೋಡಿದರು. 2000ದಲ್ಲಿ ಪ್ರಕಟವಾದ ಫಲಿತಾಂಶ: ಕೈನೋವು ಕಡಿಮೆಯಾಯಿತು, ಕೆಲಸ ಕಡಿಮೆಯಾಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕ ಸರ್ಕಾರ ಕೆಲಸದಿಂದ ಬರುವ ಇಂಥ ನೋವುಗಳನ್ನು ತಡೆಯಲು ಒಂದು ನಿಯಮ ತಂದಿತು. 2001ರ ಮಾರ್ಚಿನಲ್ಲಿ ಸಂಸತ್ತು ಅದನ್ನು ರದ್ದು ಮಾಡಿತು, ಅಧ್ಯಕ್ಷ ಬುಷ್ ಸಹಿ ಹಾಕಿದರು. ವಿಜ್ಞಾನ ಗೆದ್ದ ಮಾತ್ರಕ್ಕೆ ಕಾನೂನು ಗೆಲ್ಲುವುದಿಲ್ಲ.

ನಮ್ಮಲ್ಲಿಗೆ ಬಂದರೆ, ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕುರ್ಚಿ ಬದಲಾಗಿದೆ, ವ್ಯಾಯಾಮದ ಪಟಗಳು ಗೋಡೆಗೆ ಬಂದಿವೆ. ಅದೇ ಊರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಾರ ಕತ್ತರಿಸುವ ಹೆಣ್ಣುಮಗಳ ಕತ್ತರಿ ಹಾಗೇ ಇದೆ, ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಹಾಗೇ ಇದೆ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರಿಗೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿ, ತುದಿ ಮಡಚಿ, ನೂಲು ಸುತ್ತುವ ಆ ಕೆಲಸ ಸಾವಿರ ಸಲ ಆಗದೆ ಸಾವಿರದ ಕೂಲಿ ಕೈಗೆ ಬಾರದು. ಮಲೆನಾಡಿನಲ್ಲಿ ಸುಗ್ಗಿಯ ಕಾಲಕ್ಕೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರದೂ ಸುಲಿದಷ್ಟೇ ದುಡ್ಡು. ಬಿಡುವು ತೆಗೆದುಕೊಂಡರೆ ಕೂಲಿ ಹೋಗುವ ಇಂಥ ಲೆಕ್ಕದಲ್ಲಿ, ಕೈಗೆ ವಿಶ್ರಾಂತಿ ಕೊಡಿ ಎಂಬ ವೈದ್ಯರ ಸಲಹೆ ಮನೆ ಮುಟ್ಟುವ ಮೊದಲೇ ಸಾಯುತ್ತದೆ. ಓಪಿಡಿ ಚೀಟಿಯಲ್ಲಿ ಹೆಸರು, ವಯಸ್ಸಿನ ಪಕ್ಕದಲ್ಲಿ ರೋಗಿ ಮಾಡುವ ಕೆಲಸವೇನು, ದಿನಕ್ಕೆಷ್ಟು, ಕೂಲಿ ಯಾವ ಲೆಕ್ಕದಲ್ಲಿ ಎಂದು ಬರೆದುಕೊಂಡರೆ ನಮ್ಮ ವೈದ್ಯರಿಗೆ ಅರ್ಧ ರೋಗನಿದಾನ ಅಲ್ಲೇ ಸಿಗುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲಿ ಪರಿಷ್ಕರಿಸಿದ ಕಸುಬಿನ ಕಾಯಿಲೆಗಳ ಪಟ್ಟಿಯಲ್ಲಿ ಡಿ ಕ್ವೆರ್ವೇನ್ ವಿವರಿಸಿದ ಹೆಬ್ಬೆರಳ ಬುಡದ ತೊಂದರೆಯೂ ಕಾರ್ಪಲ್ ಟನಲ್ ಕಾಯಿಲೆಯೂ ಸೇರಿವೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ವರದಿ ಮಾಡಲೇಬೇಕಾದ ರೋಗಗಳು 29 ಇದ್ದವು. ಸೀಸದ ವಿಷವಿತ್ತು, ಸಿಲಿಕೋಸಿಸ್ ಇತ್ತು, ಗದ್ದಲದಿಂದ ಬರುವ ಕಿವುಡು ಇತ್ತು. ದುಡಿದು ದುಡಿದು ಕೆಟ್ಟ ಕೈ ಇರಲಿಲ್ಲ. ಅದರ ಬದಲಿಗೆ ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯದ 2020ರ ಹೊಸ ಸಂಹಿತೆ ಬಂದಾಗಲೂ ಪಟ್ಟಿ ಬಹುಮಟ್ಟಿಗೆ ಹಾಗೇ ಉಳಿಯಿತು. ಕಾರ್ಮಿಕ ಸಂಘಗಳು, ಮೂಳೆ ಮತ್ತು ನರ ತಜ್ಞರು, ಶಾಸಕರು ಸೇರಿ ಈ ಎರಡು ಕಾಯಿಲೆಗಳನ್ನಾದರೂ ಆ ಪಟ್ಟಿಗೆ ಸೇರಿಸುವಂತೆ ಒತ್ತಾಯಿಸಬೇಕು. ಕಾರ್ಖಾನೆಯ ಹೊರಗೆ ಮನೆಯಲ್ಲೇ ಕೂತು ಬೀಡಿ ಕಟ್ಟುವ, ಅಡಿಕೆ ಸುಲಿಯುವ ಕೈಗಳನ್ನೂ ಅದರ ವ್ಯಾಪ್ತಿಗೆ ತರಬೇಕು.